ಮೂವತ್ತೊಂದು ಮನೆಗಳ ದಾಕ್ಷಿಣ್ಯ

ಕೋಪ ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನನ್ನ ಗಂಡ ದೇವರಾಜ ಮದುವೆಯಾದ ಹೊಸದರಲ್ಲೇ ಕಂಡುಹಿಡಿದ. ನಾವು ಅಡಿಲೇಡಿಗೆ ಬಂದು ಹದಿನಾಲ್ಕು ವರ್ಷವಾಯಿತು. ಈಗ ಆ ಕೋಪಕ್ಕೂ ಇಲ್ಲಿನ ಪೌರತ್ವ ಸಿಕ್ಕಿದೆ ಅನ್ನುತ್ತಾನೆ. ಹಾಗಾಗಿ ಮಾರ್ಚ್ ತಿಂಗಳ ಆ ಸೋಮವಾರ, ಮಗಳ ಶಾಲೆಯಿಂದ ಬಂದ ಈಮೇಲನ್ನು ನಾನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಲು ಶುರುಮಾಡಿದಾಗ ಅವನು ಮೆಲ್ಲಗೆ ಒಲೆ ಆರಿಸಿ, ಸೌಟು ಕೆಳಗಿಟ್ಟು ಕೂತ.

ವಿಷಯ ಇಷ್ಟೇ. ಶಾಲೆಯಲ್ಲಿ ಕೆಲವು ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು, ಅವರಿಗೆ ಪಾಠ ಹೇಳಲು ಸದ್ದಿಲ್ಲದ ಒಂದು ಜಾಗ ಇಲ್ಲ. ಹೊಸದಾಗಿ ಎರಡು ಕೋಣೆ ಕಟ್ಟಬೇಕು. ಅರ್ಧ ಖರ್ಚು ಸರ್ಕಾರದ್ದು, ಉಳಿದರ್ಧಕ್ಕೆ ಮೂರು ವರ್ಷ ಶಾಲೆಯ ಶುಲ್ಕ ಸ್ವಲ್ಪ ಏರಬೇಕು. ಏರಿಸಬೇಕೋ ಬೇಡವೋ ಎಂದು ಪೋಷಕರೇ ವೋಟು ಹಾಕಿ ಹೇಳಬೇಕು. ಮನೆಗೊಂದು ವೋಟು, ಫೋನಿನಲ್ಲೇ ಒತ್ತಬಹುದು, ಮುಂದಿನ ಬುಧವಾರ ಸಂಜೆ ಐದಕ್ಕೆ ಮುಗಿಯುತ್ತದೆ. ಇರುವ ಮುನ್ನೂರ ನಲವತ್ತು ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೌದು ಅನ್ನಬೇಕು; ವೋಟು ಹಾಕದವರನ್ನು ಬೇಡ ಅಂದವರ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಇಲ್ಲಿಯವರೆಗೆ ನನಗೇನೂ ತಕರಾರಿರಲಿಲ್ಲ. ಹೊಸ ಕೋಣೆಗಳು ಬರುವುದು ಹದಿನಾಲ್ಕನೇ ನಂಬರಿನ ಕೋಣೆ ಇರುವ ಜಾಗದಲ್ಲಿ, ಆ ಹಳೇ ಕೋಣೆಯನ್ನು ಲಾರಿಯಲ್ಲಿ ಸಾಗಿಸುತ್ತಾರೆ ಎಂದು ಕೊನೆಯ ಸಾಲಿನಲ್ಲಿತ್ತು.

ಹದಿನಾಲ್ಕನೇ ನಂಬರಿನ ಕೋಣೆ ಎಂದರೆ ನಮ್ಮ ಕನ್ನಡ ಶಾಲೆ. ಆಟದ ಮೈದಾನದ ಹಿಂದೆ, ಕಂಬಗಳ ಮೇಲೆ ನಿಂತ, ಬೇಕೆಂದಾಗ ಎತ್ತಿ ಸಾಗಿಸಬಹುದಾದ ತಗಡಿನ ಗೋಡೆಯ ಕೋಣೆ. ಏಸಿ ಹಾಕಿದರೆ ಹಿಟ್ಟಿನ ಗಿರಣಿಯ ಸದ್ದು, ಆರಿಸಿದರೆ ಬೆಂದುಹೋಗುತ್ತೇವೆ. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಹತ್ತರಿಂದ ಹನ್ನೆರಡು ಗಂಟೆಯವರೆಗೆ ಅಲ್ಲಿ ನಾನು ಅ ಆ ಇ ಈ ಹೇಳಿಕೊಡುತ್ತೇನೆ. ಮಕ್ಕಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ನಾನೂ ಪಟ್ಟು ಬಿಟ್ಟಿಲ್ಲ, ಅವರೂ ಬಿಟ್ಟಿಲ್ಲ. ಆ ಕೋಣೆ ಸಿಗುವ ಮುಂಚೆ ನಾವು ಎರಡು ವರ್ಷದಲ್ಲಿ ನಾಲ್ಕು ಜಾಗ ಬದಲಾಯಿಸಿದ್ದೆವು, ಜಾಗ ಬದಲಾದಾಗಲೆಲ್ಲ ಐದಾರು ಮಕ್ಕಳು ಉದುರಿಹೋಗುತ್ತಿದ್ದರು. ಉಳಿದ ಕೋಣೆಗಳನ್ನು ಹೊರಗಿನವರಿಗೆ ಕೊಡುವುದಿಲ್ಲ, ಇನ್ನೊಮ್ಮೆ ಬೀದಿಗೆ ಬಿದ್ದರೆ ಶಾಲೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಯಾದರೆ ನಾನು ಅಳುವುದಿಲ್ಲ, ಫೋನ್ ಹಿಡಿಯುತ್ತೇನೆ.

ಇಲ್ಲಿ ನಮ್ಮ ಜನರ ಒಂದು ಅಭ್ಯಾಸ ಹೇಳಬೇಕು. ನಮ್ಮ ಕನ್ನಡ ಸಂಘದಲ್ಲಿ ನಾನು ಕಂಡಂತೆ ಒಮ್ಮೆಯೂ ವೋಟು ನಡೆದಿಲ್ಲ. ಚುನಾವಣೆಗೆ ಒಂದು ವಾರ ಮುಂಚೆ ಹಿರಿಯರು ಫೋನ್ ಮಾಡಿ ಮಾಡಿ ಎಲ್ಲವನ್ನೂ ಇತ್ಯರ್ಥ ಮಾಡಿಬಿಡುತ್ತಾರೆ. ಸಭೆಯ ದಿನ ಅಧ್ಯಕ್ಷರು ಅವಿರೋಧವಾಗಿ ಆಯ್ಕೆಯಾಗುತ್ತಾರೆ, ನಾವು ಚಪ್ಪಾಳೆ ತಟ್ಟಿ ಬಿಸಿಬೇಳೆಬಾತಿನ ಕಡೆ ನಡೆಯುತ್ತೇವೆ. ಗೆದ್ದವರು ಸೋತವರು ಎಂಬುದೇ ಇಲ್ಲ, ಯಾರ ಮುಖವೂ ಸಣ್ಣದಾಗುವುದಿಲ್ಲ. ನಾನೂ ಅದನ್ನೇ ಮಾಡಿದೆ. ಆ ಶಾಲೆಯಲ್ಲಿ ಮಕ್ಕಳಿರುವ ಒಂದೊಂದು ಕನ್ನಡದ ಮನೆಗೂ ಫೋನ್ ಮಾಡಿ, ಕನ್ನಡ ಶಾಲೆ ಉಳಿಯಬೇಕಾದರೆ ಬೇಡ ಎಂದು ಒತ್ತಿ ಅಂದೆ. ಎಲ್ಲರೂ ಆಯ್ತು ಮೇಡಂ, ನಾವು ನಿಮ್ಮ ಜೊತೆ ಅಂದರು.

ಚಂಪಾಳೂ ಅಂದಳು. ಅವಳು ತುಮಕೂರಿನ ಕಡೆಯವಳು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾಳೆ. ವೃದ್ಧಾಶ್ರಮದಲ್ಲಿ ಸಂಜೆ ಪಾಳಿಯ ಕೆಲಸ. ಗಂಡ ಶ್ರೀಹರಿಗೆ ಪರ್ತ್ ಕಡೆ ಗಣಿಯಲ್ಲಿ ಎಂಜಿನಿಯರ್ ಕೆಲಸ, ಮೂರು ವಾರಕ್ಕೊಮ್ಮೆ ಬರುತ್ತಾನೆ. ಎಂಟು ವರ್ಷದ ಮಗಳು ಅಪೂರ್ವ ನನ್ನ ಭಾನುವಾರದ ತರಗತಿಗೆ ಎರಡು ವರ್ಷದಿಂದ ಬರುತ್ತಾಳೆ. ಚಂಪಾ ಫೋನಿನಲ್ಲಿ ಒಂದು ಕ್ಷಣ ಸುಮ್ಮನಿದ್ದು, ಆಯ್ತು ಅಕ್ಕ ಅಂದಳು. ಆ ಒಂದು ಕ್ಷಣವನ್ನು ನಾನು ಗಮನಿಸಲಿಲ್ಲ. ಗಮನಿಸುವಷ್ಟು ಪುರುಸೊತ್ತು ನನ್ನ ಕೋಪಕ್ಕೆ ಇರಲಿಲ್ಲ.

ಇತ್ತ ಉತ್ತಮ್ ಎಂಬ ಮೈಸೂರಿನ ಹುಡುಗ, ಹುಡುಗನೇನು, ಮೂವತ್ತೆಂಟು ವರ್ಷ, ಶಾಲೆಯ ಪೋಷಕರ ಸಮಿತಿಯಲ್ಲಿದ್ದವನು, ಅವೇ ಮನೆಗಳಿಗೆ ಫೋನ್ ಮಾಡಿ ಹೌದು ಎಂದು ಒತ್ತಿ ಎಂದು ಕೇಳುತ್ತಿದ್ದ. ನನಗೂ ಮಾಡಿದ. ಬಹಳ ವಿನಯದಿಂದ ಮಾತಾಡಿದ, ಅದರಿಂದ ನನಗೆ ಇನ್ನೂ ರೇಗಿತು. ಹತ್ತು ನಿಮಿಷ ಅವನ ಬೆವರಿಳಿಸಿದೆ.

ಗುರುವಾರ ಕೋಣೆಯ ಬೀಗದಕೈಗೆ ಸಹಿ ಹಾಕಲು ಶಾಲೆಯ ಆಫೀಸಿಗೆ ಹೋಗಿದ್ದೆ. ಆಫೀಸಿನ ಪಕ್ಕದ ಕಾರಿಡಾರಿನಲ್ಲಿ, ಜೆರಾಕ್ಸ್ ಮೆಷಿನ್ನಿಗೂ ಹುಷಾರಿಲ್ಲದ ಮಕ್ಕಳನ್ನು ಮಲಗಿಸುವ ಕೋಣೆಗೂ ನಡುವೆ ಒಂದು ಪುಟ್ಟ ಮೇಜು. ಅಲ್ಲಿ ಅಪೂರ್ವ ಕೂತು ಒಬ್ಬ ಟೀಚರಿಗೆ ಪುಸ್ತಕ ಓದಿ ಹೇಳುತ್ತಿದ್ದಳು. ಆ ದನಿ ಕೇಳಿ ನಾನು ನಿಂತುಬಿಟ್ಟೆ. ನನ್ನ ತರಗತಿಯಲ್ಲಿ ಬಾಯಿಯೇ ತೆರೆಯದ ಹುಡುಗಿ ಕಥೆಯ ಮೊಸಳೆಗೆ ಒಂದು ದನಿ, ಕಪ್ಪೆಗೆ ಒಂದು ದನಿ ಕೊಟ್ಟು ಓದುತ್ತಿದ್ದಳು. ಅಷ್ಟರಲ್ಲಿ ಯಾರೋ ಬಂದು ಜೆರಾಕ್ಸ್ ಮೆಷಿನ್ ಶುರುಮಾಡಿದರು. ಟೀಚರ್ ಏನೋ ಕೇಳಿದರು. ಅಪೂರ್ವ ಅವರ ತುಟಿಯನ್ನೇ ನೋಡಿದಳು, ಮತ್ತೆ ನೋಡಿದಳು, ಆಮೇಲೆ ತಲೆ ತಗ್ಗಿಸಿ ಪುಸ್ತಕದ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು.

ಆ ಉಗುರು ಕೆರೆಯುವುದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷ ನೋಡಿದ್ದೇನೆ.

ಹತ್ತಿರ ಹೋಗಿ ಏನು ಅಪೂರ್ವ ಎಂದು ಮಾತಾಡಿಸಿದೆ. ಅವಳು ಮುಖ ನನ್ನ ಕಡೆ ತಿರುಗಿಸಿ, ಆಂಟಿ, ಎಡಗಿವಿ ಕೆಲಸ ಮಾಡಲ್ಲ, ಈ ಕಡೆ ಬಂದು ಮಾತಾಡಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಶೂ ಲೇಸ್ ಬಿಚ್ಚಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು.

ಕಾರಿಗೆ ಬಂದು ಕೂತೆ. ನಾನು ಮಕ್ಕಳನ್ನು ಎತ್ತರದ ಪ್ರಕಾರ ಕೂರಿಸುತ್ತೇನೆ, ನನಗೆ ನಮ್ಮ ಮೇಷ್ಟ್ರು ಕೂರಿಸಿದ ಹಾಗೆ. ಅಪೂರ್ವ ಉದ್ದನೆಯ ಹುಡುಗಿ. ಎರಡು ವರ್ಷ ಅವಳನ್ನು ಕಡೆಯ ಸಾಲಿನಲ್ಲಿ, ಆ ಗಿರಣಿಯಂಥ ಏಸಿಯ ಕೆಳಗೆ ಕೂರಿಸಿದ್ದೆ. ಯಾವ ಲೋಕದಲ್ಲಿದ್ದೀಯಮ್ಮ ಎಂದು ಎಲ್ಲರ ಮುಂದೆ ರೇಗಿಸಿದ್ದೆ. ಮಕ್ಕಳು ನಕ್ಕಿದ್ದರು, ಅವಳೂ ಏನೆಂದು ತಿಳಿಯದೆ ನಕ್ಕಿದ್ದಳು. ಹೋದ ವರ್ಷ ಚಂಪಾಳಿಗೆ, ನಿನ್ನ ಮಗಳು ಗಮನ ಕೊಡುವುದಿಲ್ಲ ಎಂದು ಮೆಸೇಜ್ ಕೂಡ ಹಾಕಿದ್ದೆ. ಅದಕ್ಕೆ ಬಂದ ಉತ್ತರ ಇನ್ನೂ ಫೋನಿನಲ್ಲಿತ್ತು, ಹುಡುಕಿ ತೆಗೆದೆ. ಸಾರಿ ಅಕ್ಕ, ಹೇಳ್ತೀನಿ.

ಅಲ್ಲಿಂದ ನೆಟ್ಟಗೆ ಚಂಪಾಳ ಮನೆಗೆ ಹೋದೆ. ಅವಳು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದರೂ ನನ್ನನ್ನು ನೋಡಿದ್ದೇ ಟೀಗೆ ನೀರಿಟ್ಟಳು. ನಾನು ಕೂರಲಿಲ್ಲ.

"ಕಿವಿ ವಿಷಯ ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

ಚಂಪಾ ಸ್ಟವ್ ಕಡೆಗೇ ಮುಖ ಮಾಡಿ ನಿಂತಿದ್ದಳು. "ನೀವು ಒಂದು ಪೈಸೆ ತಗೊಳ್ದೆ ಪಾಠ ಮಾಡ್ತೀರ ಅಕ್ಕ. ಅದರ ಮೇಲೆ ಅಲ್ಲಿ ಕೂರ್ಸಿ, ಇಲ್ಲಿ ಕೂರ್ಸಿ ಅಂತ ಹೇಗೆ ಹೇಳೋದು."

"ವೋಟು? ನಿನ್ ಮಗಳಿಗೇ ತಾನೆ ಆ ರೂಮು. ಬೇಡ ಅಂತ ಒತ್ತು ಅಂದಾಗ ಆಯ್ತು ಅಂದ್ಯಲ್ಲ."

ಅದಕ್ಕೆ ಅವಳು ಹೇಳಿದ್ದನ್ನು ನಾನು ಮರೆಯುವ ಹಾಗಿಲ್ಲ. ಉತ್ತಮ್ ಫೋನ್ ಮಾಡಿದಾಗಲೂ ಆಯ್ತು ಅಂದಿದ್ದಳಂತೆ. ಬೇಡ ಎಂದು ಒತ್ತಿದರೆ ಮಗಳಿಗೆ ಮೋಸ, ಹೌದು ಎಂದು ಒತ್ತಿದರೆ ನನಗೆ ಮೋಸ. ಅದಕ್ಕೆ ಏನೂ ಒತ್ತದೆ ಬಿಟ್ಟಿದ್ದಳು. ಒತ್ತದೆ ಬಿಟ್ಟರೂ ಅದು ಬೇಡ ಅಂದ ಲೆಕ್ಕವೇ ಎಂದು ಗೊತ್ತಿತ್ತು. ಆದರೂ ತನ್ನ ಕೈಯಿಂದ ಆಗಿದ್ದಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಈಗಲೇ ಒತ್ತು, ಹೌದು ಅನ್ನು ಎಂದೆ. ಆಮೇಲೆ ಹಾಕ್ತೀನಿ ಅಕ್ಕ, ಟೀ ಕುಡೀರಿ ಅಂದಳು. ಹಾಕುವುದಿಲ್ಲ ಎಂದು ನನಗೆ ಗೊತ್ತಾಯಿತು. ನನ್ನ ಮುಂದೆ ನನಗೇ ವಿರುದ್ಧವಾಗಿ ಒತ್ತಲು ಅವಳಿಂದ ಸಾಧ್ಯವಿರಲಿಲ್ಲ, ನಾನು ಹೋದ ಮೇಲೂ ಇರಲಿಲ್ಲ.

ಸಂಜೆ ಹಲ್ಲು ಕಚ್ಚಿಕೊಂಡು ಉತ್ತಮ್‌ಗೆ ಫೋನ್ ಮಾಡಿದೆ. ಅವನು ಪಾಪ, ಮತ್ತೆ ಬೈಗುಳ ಎಂದು ಹೆದರಿ ಎತ್ತಿದ. ಯಾರು ಏನು ಒತ್ತಿದರು ಎಂದು ಸಮಿತಿಗೆ ಕಾಣುವುದಿಲ್ಲ, ಯಾರು ಇನ್ನೂ ಒತ್ತಿಲ್ಲ ಎಂದು ಮಾತ್ರ ಕಾಣುತ್ತದೆ. ಕನ್ನಡದ ಮನೆಗಳಲ್ಲಿ ಎಷ್ಟು ವೋಟು ಬಿದ್ದಿದೆ ಎಂದು ಕೇಳಿದೆ.

"ನನ್ನದು ಬಿಟ್ರೆ ಒಂದೂ ಇಲ್ಲ ಮೇಡಂ," ಅಂದ. "ಮೂವತ್ತೊಂದು ಮನೆ ಬಾಕಿ. ನಿಮ್ಮದೂ ಸೇರಿ."

ನನ್ನದೂ ಸೇರಿ. ನಿಜ, ನಾನೂ ಒತ್ತಿರಲಿಲ್ಲ. ಊರಿಗೆಲ್ಲ ಬೇಡ ಅನ್ನಿ ಎಂದು ಹೇಳಿದವಳಿಗೆ ಮಕ್ಕಳ ಕೋಣೆಗೆ ಬೇಡ ಎಂದು ಸ್ವಂತ ಬೆರಳಿನಿಂದ ಒತ್ತಲು ಮನಸ್ಸು ಬಂದಿರಲಿಲ್ಲ, ನಾಳೆ ನಾಳೆ ಎಂದು ಮುಂದೂಡಿದ್ದೆ. ಸರ್ಕಾರದ ಚುನಾವಣೆಯಾದರೆ ವೋಟು ಹಾಕದಿದ್ದಕ್ಕೆ ಇಲ್ಲಿ ದಂಡ ಬೀಳುತ್ತದೆ, ದಂಡಕ್ಕೆ ಹೆದರಿ ಎಲ್ಲರೂ ಸಾಲಿನಲ್ಲಿ ನಿಲ್ಲುತ್ತೇವೆ. ಇದಕ್ಕೆ ದಂಡವಿರಲಿಲ್ಲ. ಉತ್ತಮ್ ಬೇಜಾರು ಮಾಡಿಕೊಳ್ಳಬಾರದು, ಮೇಡಂ ಬೇಜಾರು ಮಾಡಿಕೊಳ್ಳಬಾರದು ಎಂದು ಮೂವತ್ತು ಮನೆಯವರು ತಮ್ಮ ಪಾಡಿಗೆ ತಾವು ಸುಮ್ಮನಿದ್ದುಬಿಟ್ಟಿದ್ದರು. ಅವರ ಆ ಒಳ್ಳೆಯತನದಿಂದಲೇ ಅಪೂರ್ವ ಜೆರಾಕ್ಸ್ ಮೆಷಿನ್ನಿನ ಪಕ್ಕದಲ್ಲಿ ಉಳಿಯುವವಳಿದ್ದಳು.

ಶುಕ್ರವಾರ, ಶನಿವಾರ ಪೂರ್ತಿ ಫೋನ್ ಮಾಡಿದೆ. ಮೊದಲು ಹೇಳಿದ್ದು ತಪ್ಪು, ದಯವಿಟ್ಟು ಹೌದು ಎಂದು ಒತ್ತಿ ಅಂದೆ. ಅಪೂರ್ವಳ ಹೆಸರು ಎತ್ತಲಿಲ್ಲ. ತಾಯಿಯೇ ಹೇಳದ ವಿಷಯವನ್ನು ನಾನು ಊರಿಗೆ ಹಂಚುವುದು ಹೇಗೆ. ಕಾರಣ ಹೇಳದ ನನ್ನ ಮಾತನ್ನು ಯಾರೂ ನಂಬಲಿಲ್ಲ. ವೇಣುಗೋಪಾಲ ಅಂಕಲ್ ನಮ್ಮಲ್ಲೆಲ್ಲ ಹಿರಿಯರು, ಮಗಳು ಅಳಿಯ ಇಬ್ಬರೂ ಆಸ್ಪತ್ರೆಯ ಕೆಲಸಕ್ಕೆ ಓಡುವುದರಿಂದ ಮೊಮ್ಮಕ್ಕಳ ಶಾಲೆಯ ವ್ಯವಹಾರವೆಲ್ಲ ಅವರದ್ದೇ. ಅವರು ಪೂರ್ತಿ ಕೇಳಿಸಿಕೊಂಡು, ಇದು ನಿಮ್ಮ ದೊಡ್ಡತನಮ್ಮ, ನೀವು ಹಾಗೇ ಹೇಳೋದು, ನಮಗೆ ಅರ್ಥ ಆಗಲ್ವಾ ಅಂದರು. ಉಳಿದವರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ನನಗೆ ಫೋನ್ ಎತ್ತಿ ಗೋಡೆಗೆ ಒಗೆಯುವಷ್ಟು ಸಿಟ್ಟು ಬಂತು.

"ಎಲೆ ಮೇಲೆ ಕೈ ಅಡ್ಡ ಹಿಡಿದ್ರೂ ಬೆರಳ ಸಂದಿಯಲ್ಲಿ ಬಡಿಸೋ ಜನ ನಾವು," ಅಂದ ದೇವರಾಜ. "ಸಾಕು ಅಂದ್ರೆ ಸಾಕು ಅಂತ ನಮ್ಮಲ್ಲಿ ಯಾರು ನಂಬ್ತಾರೆ?"

ಹಾಗಾದರೆ ಎಲೆಯನ್ನೇ ಎತ್ತಿಬಿಡುತ್ತೇನೆ ಎಂದೆ.

ಭಾನುವಾರ ಏಳು ಗಂಟೆಗೇ ಇಬ್ಬರೂ ಕೋಣೆಗೆ ಹೋದೆವು. ಗೋಡೆಯ ಮೇಲಿನ ವರ್ಣಮಾಲೆ ಕಿತ್ತು ಸುತ್ತಿದೆ. ಕಪಾಟಿನ ಪುಸ್ತಕಗಳನ್ನು, ದಸರಾದಲ್ಲಿ ಮಕ್ಕಳು ಕೂರಿಸುವ ಬೊಂಬೆಗಳ ಪೆಟ್ಟಿಗೆಯನ್ನು, ಒಂಬತ್ತು ವರ್ಷದ ಕಾಗದ ಪತ್ರಗಳನ್ನು ದೇವರಾಜ ಕಾರಿನ ಹಿಂದಿನ ಟ್ರೇಲರಿಗೆ ಸಾಗಿಸಿದ. ಗೋಡೆಯಲ್ಲಿ ಅಂಟುಪಟ್ಟಿಯ ಗುರುತು ಮಾತ್ರ ಉಳಿಯಿತು. ಒಂದು ಸಲ ಬಾತ್‌ರೂಮಿಗೆ ಹೋಗಿ ಚೆನ್ನಾಗಿ ಅತ್ತು, ಮುಖ ತೊಳೆದುಕೊಂಡು ಬಂದೆ. ಹೊರಗೆ ನೀಲಗಿರಿ ಮರದ ನೆರಳಿನಲ್ಲಿ ಜಮಖಾನೆ ಹಾಸಿದೆವು.

ಹತ್ತು ಗಂಟೆಗೆ ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಒಬ್ಬೊಬ್ಬರೇ ಬಾಗಿಲಲ್ಲಿ ಇಣುಕಿ ನೋಡಿ ಗಾಬರಿಯಾದರು. ಹೊಸ ಕೋಣೆ ಬರಲಿ, ನಾನು ಜಾಗ ಬಿಟ್ಟಿದ್ದೇನೆ, ಇನ್ನಾದರೂ ಹೌದು ಎಂದು ಒತ್ತಿ ಅಂದೆ. ಆದದ್ದೇ ಬೇರೆ. ಮೇಡಂಗೆ ಬೇಜಾರಾಗಿ ಖಾಲಿ ಮಾಡಿಬಿಟ್ಟಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿದರು. ವೇಣುಗೋಪಾಲ ಅಂಕಲ್ ಕೈ ಮುಗಿದು, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಸಾಮಾನು ಒಳಗಿಡೋಣ ಅಂದರು. ಇಬ್ಬರು ಗಂಡಸರು ಟ್ರೇಲರ್ ಕಡೆ ಹೊರಟೇಬಿಟ್ಟರು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ದೇವರಾಜನಿಗೆ ನನ್ನ ಮೇಲೆ ಕನಿಕರ ಬಂದದ್ದನ್ನು ಅವನ ಮುಖದಲ್ಲಿ ಕಂಡೆ.

ಆಗ ಚಂಪಾ ಮುಂದೆ ಬಂದಳು. ಅವಳು ಗುಂಪಿನ ಹಿಂದೆ ಮಗಳ ಕೈ ಹಿಡಿದು ನಿಂತಿದ್ದಳು. ಟ್ರೇಲರಿನಿಂದ ಇಳಿಸಿದ ಬೊಂಬೆ ಪೆಟ್ಟಿಗೆಯನ್ನು ಒಬ್ಬರ ಕೈಯಿಂದ ತೆಗೆದುಕೊಂಡು ನೆಲದ ಮೇಲಿಟ್ಟಳು.

"ಅಕ್ಕನಿಗೆ ಕೋಪ ಬಂದಿಲ್ಲ. ಈ ಜಾಗ ನಂಗೆ ಬೇಕು, ಅದಕ್ಕೆ ಖಾಲಿ ಮಾಡಿದ್ದಾರೆ. ನನ್ ಮಗಳಿಗೆ ಒಂದು ಕಿವಿ ಕೇಳ್ಸಲ್ಲ. ಕಾರಿಡಾರಲ್ಲಿ ಕೂತು ಓದ್ತಾಳೆ, ಸದ್ದಾದ್ರೆ ಅವಳಿಗೆ ಏನೂ ಗೊತ್ತಾಗಲ್ಲ. ನಾನು ಇಲ್ಲಿ ಯಾರನ್ನೂ ಏನೂ ಕೇಳಿಲ್ಲ. ಇವತ್ತು ಕೇಳ್ತಿದ್ದೀನಿ. ಹೌದು ಅಂತ ವೋಟ್ ಹಾಕಿ."

ಮರದ ಮೇಲೆ ಗಿಳಿಗಳು ಗಲಾಟೆ ಮಾಡುತ್ತಿದ್ದವು. ಅಪೂರ್ವ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ನಮ್ಮಲ್ಲಿ ಇಷ್ಟು ನೇರವಾಗಿ ಬೇಕು ಎಂದು ಕೇಳಿದವರನ್ನು ಏನು ಮಾಡಬೇಕು ಎಂದು ಯಾರಿಗೂ ತಿಳಿದಂತಿರಲಿಲ್ಲ. ಕೊನೆಗೆ ವೇಣುಗೋಪಾಲ ಅಂಕಲ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, "ಆ ಲಿಂಕ್ ಇನ್ನೊಂದ್ಸಲ ಕಳ್ಸಮ್ಮ ಚಂಪಾ, ನಂಗೆ ಎಲ್ಲೋ ಕೆಳಗೆ ಹೋಗ್ಬಿಟ್ಟಿದೆ," ಅಂದರು.

ಅಷ್ಟು ಸಾಕಾಯಿತು. ಒಬ್ಬೊಬ್ಬರೂ ಫೋನ್ ತೆಗೆದರು. ಯಾರದೋ ಪಾಸ್‌ವರ್ಡ್ ಮರೆತಿತ್ತು, ಯಾರದೋ ವೋಟು ಹೆಂಡತಿಯ ಈಮೇಲಿಗೆ ಬಂದಿತ್ತು. ನಾನು ಜಮಖಾನೆಯ ಮೇಲೆ ಅಪೂರ್ವಳನ್ನು ನನ್ನ ಎಡಗಡೆ ಕೂರಿಸಿಕೊಂಡೆ, ಅವಳ ಬಲಗಿವಿ ನನ್ನ ಕಡೆಗೆ ಬರುವ ಹಾಗೆ. ಎರಡು ವರ್ಷ ತಡವಾಯಿತು ಎಂದು ಅವಳ ಹತ್ತಿರ ಕ್ಷಮೆ ಕೇಳಿದೆ. ಪರವಾಗಿಲ್ಲ ಆಂಟಿ, ನೋ ವರೀಸ್ ಅಂದಳು. ಮಕ್ಕಳು ಕ್ಷಮಿಸುವ ವೇಗಕ್ಕೆ ಮನಸ್ಸು ಇನ್ನಷ್ಟು ನೊಂದಿತು.

ಬುಧವಾರ ಮೂರು ಗಂಟೆಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಶಾಲೆಯ ಗೇಟಿನಲ್ಲಿ ನಿಂತಿದ್ದಾಗ ಚಂಪಾ ಹತ್ತಿರ ಬಂದು, "ಅಕ್ಕ, ನಿಮ್ದು ಹಾಕಿದ್ರಾ?" ಎಂದು ಕೇಳಿದಳು.

ಇಲ್ಲ ಎಂದು ಒಪ್ಪಿಕೊಂಡೆ. ಭಾನುವಾರದಿಂದ ಹತ್ತು ಸಲ ಆ ಪುಟ ತೆರೆದು ಮುಚ್ಚಿದ್ದೆ. ಸಾಮಾನು ಸಾಗಿಸುವುದು ಸುಲಭವಿತ್ತು, ಸಿಟ್ಟಿನಲ್ಲಿ ಮಾಡಿಬಿಟ್ಟಿದ್ದೆ. ತಣ್ಣಗೆ ಕೂತು, ನನ್ನ ಒಂಬತ್ತು ವರ್ಷದ ಕೋಣೆ ಲಾರಿ ಹತ್ತಲಿ ಎಂದು ಒತ್ತಲು ಬೆರಳು ಬರುತ್ತಿರಲಿಲ್ಲ. ಅವಳ ಮುಂದೆಯೇ ಫೋನ್ ತೆಗೆದೆ. ಬೇರೆ ದಿನವಾಗಿದ್ದರೆ ಚಂಪಾ, ಇರ್ಲಿ ಬಿಡಿ ಅಕ್ಕ, ನಿಮಗೆ ಕಷ್ಟ ಆದ್ರೆ ಬೇಡ ಎಂದು ಖಂಡಿತ ಅನ್ನುತ್ತಿದ್ದಳು. ಆವತ್ತು ಅನ್ನಲಿಲ್ಲ. ಪಕ್ಕದಲ್ಲಿ ನಿಂತು ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು, ನಾನು ಒತ್ತಿ ಮುಗಿಸುವವರೆಗೂ ನೋಡಿದಳು.

ಗುರುವಾರ ಸಂಜೆ ಈಮೇಲ್ ಬಂತು. ನೂರ ಎಪ್ಪತ್ತೊಂದು ಬೇಕಿತ್ತು, ನೂರ ಎಂಬತ್ತು ಮನೆ ಹೌದು ಅಂದಿದ್ದವು. ಜುಲೈ ರಜೆಯಲ್ಲಿ ಹದಿನಾಲ್ಕನೇ ನಂಬರಿನ ಕೋಣೆಯನ್ನು ಸಾಗಿಸುತ್ತಾರೆ. ಕನ್ನಡ ಶಾಲೆಗೆ ಮುಂದೆ ಎಲ್ಲಿ ಎಂದು ನನಗೆ ಗೊತ್ತಿರಲಿಲ್ಲ, ಎಷ್ಟು ಮಕ್ಕಳು ಉಳಿಯುತ್ತಾರೆ ಎಂದೂ ಗೊತ್ತಿರಲಿಲ್ಲ. ಓದಿ ಮುಗಿಸುವಷ್ಟರಲ್ಲಿ ಚಂಪಾಳ ಫೋನ್ ಬಂತು. ಕೆಲಸದ ಜಾಗದಿಂದ ಮಾಡಿದ್ದಳು, ಹಿಂದೆ ಯಾರೋ ಅಜ್ಜಿ ನೀರು ಕೇಳುತ್ತಿದ್ದರು. ಸಾರಿ ಅಕ್ಕ ಅನ್ನುತ್ತಾಳೆ ಎಂದು ಕಾದೆ.

"ನಂಗೆ ತುಂಬಾ ಖುಷಿ ಆಗ್ತಿದೆ ಅಕ್ಕ," ಅಂದಳು.

"ನಂಗೆ ತುಂಬಾ ದುಃಖ ಆಗ್ತಿದೆ ಕಣೇ," ಅಂದೆ.

ಅವಳು ಸಮಾಧಾನ ಹೇಳಲಿಲ್ಲ, ನಾನೂ ಮಾತು ತೇಲಿಸಲಿಲ್ಲ. ಇಬ್ಬರೂ ಫೋನ್ ಇಡಲಿಲ್ಲ.